ಹೋಳಿಗೆ ಹಂಚು

ಹಂಪಿ ಬಸ್ಸಿನಲ್ಲಿ ನನ್ನ ಮುಂದೆ ಕೂತವರು ವಾರಗಿತ್ತಿಯರು. ಚಿಕ್ಕವಳ ತೊಡೆಯ ಮೇಲೆ ಹೋಳಿಗೆ ಬೇಯಿಸುವ ಹೊಸ ಹಂಚು ಇತ್ತು.

"ಹೋಳಿಗಿ ಹಂಚಿನ ಮ್ಯಾಲೆ ತತ್ತಿ ಹಾಕಿದ್ಯಾ, ಊರಮ್ಮ?" ದೊಡ್ಡವಳು ಕೇಳಿದಳು.

"ಬುರಿಟೊ ಅಕ್ಕಾ. ಚಪಾತಿಯೊಳಗ ಅನ್ನ, ಕಾಳು, ತತ್ತಿ ಇಟ್ಟು ಸುತ್ತೋದು. ಮನ್ಯಾಗ ಇಳಿದಿರೋ ಫಾರಿನರು ಕೇಳಿದ್ರು. ಬ್ಯಾರೆ ಹಂಚಿನಾಗ ಅಷ್ಟು ಅಗಲದ ಚಪಾತಿ ಹಿಡಿಯಂಗಿಲ್ಲ."

"ಅದು ದೇವರ ಎಡಿಗಂತ ಇಟ್ಟಿದ್ದು! ಅತ್ತಿ ಕಿವಿಗೆ ಬಿದ್ರ?"

"ಅದಕ್ಕ ಇದನ್ನ ತಗೊಂಡೆ. ಅದರ ಜಾಗದಾಗ ಇಡ್ತೀನಿ."

"ಕೈ ಇಟ್ರ ಸಾಕು, ಹೊಸಾದು ಅಂತಾಳ ಆಕಿ. ಹಬ್ಬ ಬರೋದ್ರೊಳಗ ಎಣ್ಣಿ ಹಚ್ಚಿ ಪಳಗಿಸು."

ಚಿಕ್ಕವಳು ಕಿಟಕಿಯ ಕಡೆ ತಿರುಗಿದಳು.

"ಇವತ್ತು ಅಮಾಸಿ ಅಂತ ಮುಂಜಾನೆ ಅತ್ತಿ ಹಳೇದರ ಮ್ಯಾಲೇ ಹೋಳಿಗಿ ಮಾಡಿ ದೇವರಿಗೆ ಎಡಿ ಹಿಡದ್ಲು. ನಾ ಪಕ್ಕದಾಗ ನಿಂತಿದ್ದೆ ಅಕ್ಕಾ. ಹೇಳಾಕ ಬಾಯೇ ಬರಲಿಲ್ಲ."

ಹಂಪಿ ಬಜಾರ್ ಬಂತು. ಇಳಿಯುವಾಗ ದೊಡ್ಡವಳು, "ನಮ್ಮ ಮನ್ಯಾಗ ಪಳಗಿಸಿ ತಂದು ಕೊಡ್ತೀನಿ," ಅಂತ ಆ ಹಂಚನ್ನು ಕಿತ್ತುಕೊಂಡು ತನ್ನ ಸೆರಗಿನೊಳಗೆ ಮುಚ್ಚಿಕೊಂಡಳು.