ದೊಡ್ಡ ಕಾರು ಯಾವುದು

ಗಲ್ಫಿನಲ್ಲಿ, ಎಲೆಕ್ಟ್ರಾ ಸ್ಟ್ರೀಟಿನ ಇನ್ಶೂರೆನ್ಸ್ ಆಫೀಸಿನಲ್ಲಿ ಮಗನಿಗಾಗಿ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಉಡುಪಿ ಕಡೆಯ ಗಂಡ ಹೆಂಡತಿ, ಜೊತೆಗೆ ಹದಿನೆಂಟರ ಮಗಳು ಧನ್ವಿ. ಹೊಸ ಲೈಸೆನ್ಸಿನ ಆ ಹುಡುಗಿ ಓಡಿಸಿದ ಕಾರು ಬೈಕಿಗೆ ತಾಗಿ, ಡೆಲಿವರಿ ಹುಡುಗನ ಕಾಲು ಮುರಿದಿತ್ತಂತೆ.

“ಮನೆಯಲ್ಲಿ ಮೂರು ಕಾರುಂಟು. ಇವಳ ಹೆಸರು ಸೇರಿಸಿದ್ದು ಹಳೇ ಸಣ್ಣ ಕಾರಿನ ಪಾಲಿಸಿಗೆ ಮಾತ್ರ. ಪಜೇರೋ ಯಾಕೆ ಕೊಟ್ಟೆ ಮಾರಾಯ್ತಿ?” ಎಂದ ಗಂಡ.

“ನಾನೆಲ್ಲಿ ಕೊಟ್ಟೆ? ದೊಡ್ಡದನ್ನು ತಗೊಂಡು ಹೋಗು ಅಂದೆ, ಅಷ್ಟೆ.”

“ಪಜೇರೋ ಅಲ್ವಾ ದೊಡ್ಡದು?”

“ಮನೆಗೆ ಮೊದಲು ಬಂದದ್ದು ಆ ಸಣ್ಣ ಕಾರು. ಮೊದಲಿನದ್ದೇ ದೊಡ್ಡದು. ನಿಮ್ಮ ಅಣ್ಣ ನಿಮ್ಮ ಭುಜಕ್ಕೆ ಬರ್ತಾರೆ, ಆದ್ರೂ ಇವಳು ದೊಡ್ಡಪ್ಪ ಅಂತಲೇ ಕರೆಯುವುದಲ್ವಾ?”

“ಅದನ್ನು ಒಳಗೆ ಆ ಈಜಿಪ್ಟಿನ ಆಫೀಸರನಿಗೆ ಹೇಳು, ನೋಡುವ.”

“ಹೇಳ್ತೇನೆ. ಓಡಿಸಿದ್ದೂ ನಾನೇ ಅಂತ ಹೇಳ್ತೇನೆ.”

“ನಿಂಗೆ ಲೈಸೆನ್ಸ್ ಉಂಟಾ? ಪೊಲೀಸ್ ರಿಪೋರ್ಟಲ್ಲಿ ಇವಳ ಹೆಸರುಂಟು. ಖಲಾಸ್.”

“ಇನ್ಶೂರೆನ್ಸ್ ಇಲ್ಲ ಅಂದ್ರೆ ಆ ಹುಡುಗನ ಆಪರೇಶನ್ ಹೇಗೆ ಮಾರಾಯ್ರೆ? ಇವಳ ಗತಿ ಏನು?”

ಅಷ್ಟರಲ್ಲಿ ಅವರ ನಂಬರು ಕೂಗಿದರು. ಎದ್ದ ತಾಯಿ ಪುನಃ ಕೂತುಬಿಟ್ಟಳು.

“ನನ್ನಿಂದ ಆಗುವುದಿಲ್ಲ. ನೀವೇ ಮಾತಾಡಿ.”

“ಏನಂತ ಮಾತಾಡಲಿ ನಾನು?”

ಧನ್ವಿ ಎದ್ದು ನಿಂತಳು.

“ಅಮ್ಮಾ, ಐ ವಾಸ್ ಡ್ರೈವಿಂಗ್. ನಾನೇ ಮಾತಾಡ್ತೇನೆ.”

ಅವಳು ಮುಂದೆ ನಡೆದಳು. ಅಪ್ಪ, ಅಮ್ಮನ ಕೈ ಹಿಡಿದು ಎಬ್ಬಿಸಿ, ಮಗಳ ಹಿಂದೆ ಒಳಗೆ ಹೋದ.