ಫೆಲ್ ಅಂದರೆ ಬಿದ್ದ

“ಹಲೋ… ಯಾರ್ರಿ ಮಾತಾಡೋದು? ಬೆಳಗಾವಿ ಪಲ್ಟನ್ ಕಚೇರಿ ಏನ್ರಿ?… ಹಾಂ, ನಮಸ್ಕಾರ್ರಿ ಸಾಹೇಬ್ರ. ನಾ ಕಲ್ಲೋಳಿ ಸಾಲಿ ಮಾಸ್ತರ, ರಾಚಪ್ಪ. ಗೋಕಾಕದಾಗ ಹತ್ತಿ ಪೇಢಿಯಿಂದ ಮಾತಾಡಾಕತ್ತೇನಿ…”

ರಾಚಪ್ಪ ಮಾಸ್ತರರು ಫೋನು ಹಿಡಿದದ್ದು ಹುಟ್ಟಿ ಇದೇ ಮೊದಲು. ಹತ್ತಿ ಅಂಗಡಿಯ ಬಾಗಿಲ ಹೊರಗೆ ಕಟ್ಟೆಯ ಮೇಲೆ ಉದ್ದವ್ವ ಕುಳಿತಿದ್ದಳು. ಅವಳ ಒಬ್ಬನೇ ಮಗ ಲಗಮಣ್ಣ ದಂಡಿಗೆ ಸೇರಿ ಎರಡು ವರ್ಷವಾಗಿತ್ತು. ಒಂಬತ್ತು ದಿನದ ಹಿಂದೆ ಅವನ ಮೇಲಿನ ಸಾಹೇಬರಿಂದ ಒಂದು ಇಂಗ್ಲಿಷ್ ಕಾಗದ ಬಂದಿತ್ತು. ಊರಲ್ಲಿ ಅದನ್ನು ಓದಬಲ್ಲವರು ಮಾಸ್ತರರೊಬ್ಬರೇ.

“ಲಗಮಣ್ಣ ಅಂತ್ರಿ, ಸಿಪಾಯಿ. ಅಂವ ಬಿದ್ದಾನಂತ ಕಾಗದ ಬಂದೈತಿ. ಯಾವ ದವಾಖಾನ್ಯಾಗ ಇಟ್ಟಾರ, ಮನಿಗೆ ಯಾವಾಗ ಕಳಸ್ತಾರ, ಅಷ್ಟ ಕೇಳಬೇಕಾಗಿತ್ತು…”

“ಓದಲೇನ್ರಿ?… ‘ಯುವರ್ ಸನ್ ಫೆಲ್ ಇನ್ ಆಕ್ಷನ್.’ ಹಾಂ, ಫೆಲ್. ಫಾಲ್, ಫೆಲ್, ಫಾಲನ್. ಆಕ್ಷನ್ ಅಂದ್ರ ಕೆಲಸ ಅಲ್ಲೇನ್ರಿ? ಕೆಲಸ ಮಾಡುಮುಂದ ಬಿದ್ದಾನ… ವಿಷಾದ ಅಂತನೂ ಬರದಾರ. ಬಿದ್ದದ್ದಕ್ಕ ಇರಬೇಕು ಅಂದ್ಕೊಂಡ್ನಿ…”

“ನಾ ಇಂಗ್ಲಿಷ್ ಮೂರ ಇಯತ್ತೆ ಕಲತಾಂವ್ರಿ. ಮಳಿ ಬಿದ್ರೂ ಫಾಲ್, ಧಾರಣಿ ಬಿದ್ರೂ ಫಾಲ್, ಜಡ್ಡಿಗೆ ಬಿದ್ರ ಫೆಲ್ ಇಲ್. ಕವಾಯತಿಗೆ ಸಾಲಾಗಿ ನಿಲ್ಲೋದಕ್ಕೂ ಫಾಲಿನ್ ಅಂತಾರಂತ ಲಗಮಣ್ಣನ ಬರದಿದ್ದ. ಎಲ್ಲಾ ಹಚ್ಚಿ ನೋಡಿದ್ನಿರಿ. ಬಿದ್ದ ಅನ್ನೋದ ಸರಿ ಕುಂತಿತು…”

ಅವತ್ತು ಉದ್ದವ್ವ, “ಎಲ್ಲಿಂದ ಬಿದ್ದ?” ಎಂದು ಕೇಳಿದ್ದಳು. “ಕಾಲ ಮುರದಿರಬೇಕವ್ವಾ” ಎಂದಿದ್ದರು ಮಾಸ್ತರರು. ಆ ಕಾಲು ಕಾಗದದಲ್ಲಿರಲಿಲ್ಲ, ಅವರದೇ ಊಹೆ. ಅವಳು ಎದೆ ಹಿಡಿದುಕೊಂಡವಳು ಮರುಗಳಿಗೆಗೆ ನಕ್ಕುಬಿಟ್ಟಳು. ಕುಂಟನನ್ನು ಯಾವ ದಂಡು ಇಟ್ಟುಕೊಳ್ಳುತ್ತದೆ? ಮಗ ಮನೆಗೆ ಬರುತ್ತಾನೆಂದು ಓಣಿಗೆಲ್ಲ ಹೇಳಿದಳು. ಮೂಡಲಗಿಗೆ ಹೋಗಿ ಅಣ್ಣನ ಮಗಳನ್ನೂ ಕೇಳಿ ಬಂದಳು. ಕುಂಟನಾದರೂ ಕೊಡುತ್ತೇನೆ ಎಂದಿದ್ದ ಅಣ್ಣ.

“ಏನಂದ್ರಿ?… ಇನ್ನೊಮ್ಮೆ ಹೇಳ್ರಿ…”

“ಹಾಂ… ಲಡಾಯಿಯೊಳಗ ಫೆಲ್ ಅಂದ್ರ… ಹಾಂ… ಎಲ್ಲಾರಿಗೂ ಹಂಗ ಬರೀತಾರ?… ನಿಮ್ಮ ಪಟ್ಟಿಯೊಳಗೂ ಹೆಸರ ಐತಿ?… ತಂದಿ ಮಾಲಿಂಗಪ್ಪ. ಊರು ಕಲ್ಲೋಳಿ… ಹೌದ್ರಿ. ಅಂವನ.”

ಮಾಸ್ತರರಿಗೆ ಅಳು ಬರಲಿಲ್ಲ. ಅಂಗಳದಲ್ಲಿ ಹತ್ತಿಯ ಅಂಡಿಗೆ ಇಳಿಸುತ್ತಿದ್ದವರ ಕೂಗು ಎಲ್ಲೋ ದೂರದ ಊರಿನದೆಂಬಂತೆ ಕೇಳಿಸುತ್ತಿತ್ತು.

“ಇಲ್ರಿ, ಇಲ್ಲೇ ಅದೇನಿ. ಕೇಳಾಕತ್ತೇನಿ… ನಮ್ಮ ಮಾತಿನ್ಯಾಗೂ ಐತಲ್ರಿ, ರಣದಾಗ ಬಿದ್ದ ಅಂತ. ಊರ ಅಗಸಿ ಮುಂದಿನ ವೀರಗಲ್ಲ ತೋರಿಸಿ ಹುಡುಗೂರಿಗೆ ನಾನ ಹೇಳಿಕೊಡತೇನಿ. ಲಗಮಣ್ಣಗೂ ಹೇಳಿಕೊಟ್ಟಿದ್ನಿ. ಅವಗ ಆ ಮಾತ ಹತ್ತತೈತಿ ಅಂತ ಹೊಳೀಲಿಲ್ರಿ…”

“ತಾಯಿ?… ಬಂದಾಳ್ರಿ. ಹೊರಗ ಕಟ್ಟಿ ಮ್ಯಾಲ ಕುಂತಾಳ… ಬ್ಯಾಡ್ರಿ, ನೀವ ಹೇಳಬ್ಯಾಡ್ರಿ. ಬಿದ್ದಾನಂತ ನಾ ಹೇಳಿದ್ನಿ. ಇದನ್ನೂ ನಾನ ಹೇಳಬೇಕು…”

ಉದ್ದವ್ವ ಎದ್ದು ಒಳಗೆ ಬಂದಳು. ಫೋನಿನಲ್ಲಿ ತನ್ನ ದನಿ ಹೋದೀತೆಂದು ಮೆಲ್ಲಗೆ ಕೇಳಿದಳು: “ಎಂದ ಬರತಾನಂತ್ರಿ ಮಾಸ್ತರ?”

“ಹಲೋ… ಫೋನಿನ ಮೂರ ನಿಮಿಷ ಮುಗೀತೇನ್ರಿ?… ಇನ್ನೊಂದೀಟ ಇರ್ರಿ ಸಾಹೇಬ್ರ… ಏನೂ ಕೇಳೋದಿಲ್ಲ, ಸುಮ್ನ ಇರ್ರಿ… ಹಲೋ… ಹಲೋ…”

ತಂತಿಯಲ್ಲಿ ಸದ್ದಿರಲಿಲ್ಲ. ಮಾಸ್ತರರು ಫೋನನ್ನು ಕೆಳಗಿಟ್ಟು ತಿರುಗಿ ನಿಂತರು.

“ಉದ್ದವ್ವಾ, ಲಗಮಣ್ಣ ಬರೂದಿಲ್ಲ. ಬಿದ್ದ ದಿನಾನ ಅಂವ ತೀರಕೊಂಡಾನ. ನಾ ನಿನಗ ತಪ್ಪ ಓದಿ ಹೇಳಿದ್ನಿ.”