ಗುಬ್ಬಿ ಕಟ್ಟಿದ ಸರ್ವರ್

ಆ ಕಿಟಕಿ ಹಾಕ್ಬಿಡಿ... ಹಾಂ, ಸಾಕು. ಈಗ ಹೇಳ್ತೀನಿ.

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ನಾನು ಅಕ್ಕ ಅಂತೀನಿ. ಅರ್ಧ ಕತೆ ಅವಳ ಬಾಯಿಂದ ಕೇಳಿದ್ದು. ಉಳಿದರ್ಧ ನಡೆದಾಗ ನಾನೇ ಅವಳ ಮನೇಲಿ ಮಲಗಿದ್ದೆ.

ಅಕ್ಕನಿಗೆ ಒಂದು ದೊಡ್ಡ ಆಸ್ಪತ್ರೇಲಿ ಕೆಲಸ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ನೆಲಮಾಳಿಗೆಯ ಕಂಪ್ಯೂಟರ್ ಕೋಣೆ ನೋಡ್ಕೊಳ್ಳೋಳು. ಅವತ್ತು ಕೆಲಸ ಮುಗಿಸಿ ಹಿಂದಿನ ಗೇಟಿಂದ ಹೊರಟಾಗ ತುಂಬಾ ರಾತ್ರಿ ಆಗಿತ್ತು. ಆ ದಾರೀಲಿ ಒಂದು ಹಾಳು ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ, ಜಾಲರಿ ಮೇಲೆ ಮುರಿದ ಗಾಲಿಕುರ್ಚಿಗಳನ್ನ ಪೇರಿಸಿಟ್ಟಿದ್ದಾರೆ. ದಿನಾ ಅದರ ಪಕ್ಕದಲ್ಲೇ ನಡೆಯೋಳು, ತಿರುಗಿ ನೋಡಿದವಳಲ್ಲ.

ಅವತ್ತು ಖುಷಿಯಲ್ಲಿದ್ಲು. ಏನೋ ಗುನುಗ್ತಾ ಬಾವಿ ದಾಟಿದ್ಲು. ಆಗ...

ಟಕ ಟಕ ಟಕ... ಟಕ ಟಕ...

ನಿಂತ್ಲು. ಕಪ್ಪೆಯಲ್ಲ. ನೀರು ತೊಟ್ಟಿಕ್ಕಿದ್ದಲ್ಲ. ಕೀಬೋರ್ಡ್ ಕುಟ್ಟೋ ಸದ್ದು. ಆ ಸದ್ದಲ್ಲೇ ಬಾಳಿದವಳಿಗೆ ತಪ್ಪು ಕೇಳಿಸತ್ತಾ? ಬಾವಿಯ ತಳದಿಂದ ಬರ್ತಿತ್ತು. ಟಕ ಟಕ ಟಕ ಟಕ. ಆಮೇಲೆ ಒಂದು ತಡೆ... ಯಾರೋ ಉಸಿರು ಹಿಡಿದ ಹಾಗೆ. ಆಮೇಲೆ ಎಂಟರ್ ಕೀ ಮೇಲೆ, ಮೆತ್ತಗೆ... ಠಪ್.

ಎಂಟರ್ ಒತ್ತೋಕೆ ಮುಂಚೆ ಹಾಗೆ ಒಂದು ಉಸಿರು ತಡೆಯೋಳು ಒಬ್ಬಳೇ. ಗುಬ್ಬಿ. ಗುಬ್ಬಿ ಸತ್ತು ಆಗಲೇ ಎಷ್ಟೋ ತಿಂಗಳಾಗಿತ್ತು.

ಈ ಗುಬ್ಬಿ ಯಾರು ಅಂತ ಹೇಳ್ಬೇಕು.

ಅಕ್ಕ ಆ ಕೋಣೆಗೆ ಸೇರಿದ ಮೇಲೆ ಎಷ್ಟೋ ಕಾಲದ ನಂತರ ಬಂದವಳು. ಗುಬ್ಬಿ ಗಾತ್ರದ ಹೆಂಗಸು, ಅದಕ್ಕೇ ಆ ಹೆಸರು. ಲೈಟಿನ ಸ್ವಿಚ್ ಎಲ್ಲಿದೆ ಅಂತ ತೋರಿಸಿಕೊಟ್ಟವಳೇ ನಮ್ಮಕ್ಕ. ಬಂದ ಕೆಲವೇ ದಿನಕ್ಕೆ ಗುಬ್ಬಿ ಆಸ್ಪತ್ರೆಗೆ ಡೈರೆಕ್ಟರಿ ಸರ್ವರ್ ಕಟ್ಟಿದ್ಲು. ಅಂದ್ರೆ... ಬಾಗಿಲಲ್ಲಿ ಕೂತ ಅಜ್ಜಿ ಥರ ಅಂದ್ಕೊಳ್ಳಿ. ನರ್ಸು, ಡಾಕ್ಟರು, ಯಾರು ಯಾವ ಕಂಪ್ಯೂಟರ್ ಮುಂದೆ ಕೂತ್ರೂ ಅದು ಅಜ್ಜಿನ ಕೇಳತ್ತೆ, ‘ಇವರು ನಮ್ಮವರಾ? ಒಳಗೆ ಬಿಡ್ಲಾ?’ ಅಜ್ಜಿ ಹೂಂ ಅಂದ್ರೇನೇ ರೋಗಿಯ ಫೈಲು ತೆರೆಯೋದು. ಅಜ್ಜಿ ತೂಕಡಿಸಿದ್ರೆ ಇಡೀ ಆಸ್ಪತ್ರೆ ಹೊಸ್ತಿಲಾಚೆ.

ಅದನ್ನ ಸಿದ್ಧ ಪ್ಯಾಕೇಜಾಗಿ ತಂದು ಹಾಕಬಹುದು, ಅಂಗಡಿಯಿಂದ ಹೊಲಿದ ಅಂಗಿ ತಂದ ಹಾಗೆ. ಗುಬ್ಬಿ ಹಾಗೆ ಮಾಡ್ಲಿಲ್ಲ. ಸೋರ್ಸ್ ಕೋಡ್ ತಂದ್ಲು. ಬಟ್ಟೆ ತಂದು, ಅಳತೆ ತೆಗೆದು, ತಾನೇ ಕತ್ತರಿಸಿ ಹೊಲಿದ ಹಾಗೆ ಆ ಆಸ್ಪತ್ರೆ ಮೈಗೆ ಸರಿಯಾಗಿ ಕಂಪೈಲ್ ಮಾಡಿ ಕೂರಿಸಿದ್ಲು. ಒಂದು ದಿನಾನೂ ನಿಲ್ಲಲಿಲ್ಲ ಅದು.

ಅಲ್ಲಿಂದ ಶುರುವಾಯ್ತು ನೋಡಿ ಅಕ್ಕನ ಹೊಟ್ಟೆಯುರಿ. ದೊಡ್ಡ ಡಾಕ್ಟರು ಮೆಟ್ಟಿಲಿಳಿದು ಬಂದ್ರೆ ‘ಗುಬ್ಬಿ ಎಲ್ಲಿ?’ ಅನ್ನೋರು. ಅಕ್ಕ ಎದುರಿಗೇ ಕೂತಿರೋಳು, ಕಂಬದ ಹಾಗೆ. ಮನೆಗೆ ಬಂದ್ರೆ ಭಾವನೂ ‘ಆ ಹುಡುಗಿ ಚುರುಕಂತಲ್ಲ’ ಅಂದುಬಿಟ್ರು, ಪಾಪ, ಸುಮ್ನೆ ಮಾತಿಗೆ. ಆ ರಾತ್ರಿ ಅಕ್ಕ ಊಟದ ತಟ್ಟೆ ಹಾಗೇ ಬಿಟ್ಟು ಎದ್ಲು.

ಆಮೇಲೆ ಗುಬ್ಬಿಗೆ ಜ್ವರ ಬಂತು. ಮಲಗಿದವಳು ಏಳಲಿಲ್ಲ. ಗಂಡ ಮಕ್ಕಳು ಯಾರೂ ಇರ್ಲಿಲ್ಲ ಅವಳಿಗೆ, ಒಂದು ಬಾಡಿಗೆ ಕೋಣೆ ಅಷ್ಟೆ. ಆದ್ರೂ ಅವಳನ್ನ ಕಳಿಸಿಕೊಡೋಕೆ ಇಡೀ ಆಸ್ಪತ್ರೆ ಬಂದಿತ್ತು. ಎಲ್ಲರೂ ಅತ್ರು. ಅಕ್ಕನೂ ಅತ್ಲು. ಆದ್ರೆ ಅಳ್ತಾ ಅಳ್ತಾನೇ ಅವಳ ತಲೇಲಿ ಓಡ್ತಿದ್ದದ್ದು ಒಂದೇ... ನಾ ಸತ್ರೆ ಇಷ್ಟು ಜನ ಬರ್ತಾರಾ?

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಟ್ರೆ ಅದಕ್ಕೆ ಕೊನೆಯೇ ಇಲ್ಲ. ಬದುಕಿರೋರು ಒಂದಲ್ಲ ಒಂದು ದಿನ ಎಡವ್ತಾರೆ, ನೋಡಿ ಸಮಾಧಾನ ಮಾಡ್ಕೋಬಹುದು. ಸತ್ತವರು ಎಡವಲ್ಲ. ‘ಗುಬ್ಬಿ ಇದ್ದಿದ್ರೆ...’ ಅನ್ನೋ ಮಾತು ಅಕ್ಕನ ಕಿವಿಗೆ ಬೀಳದ ದಿನ ಇರ್ಲಿಲ್ಲ. ಪ್ರಿಂಟರಲ್ಲಿ ಕಾಗದ ಸಿಕ್ಕಿಕೊಂಡ್ರೂ ‘ಗುಬ್ಬಿ ಇದ್ದಿದ್ರೆ’!

ಅದಕ್ಕೇ ಅಕ್ಕ ಮನಸ್ಸಲ್ಲೇ ಹಟ ಹಿಡಿದ್ಲು. ಅವಳ ಕೈ ತಾಗಿದ್ದು ಒಂದೂ ಉಳೀಬಾರದು. ಯಾರೂ ಹೇಳಿರ್ಲಿಲ್ಲ, ಯಾರಿಗೂ ಬೇಕಿರ್ಲಿಲ್ಲ. ಹೊಸ ಆವೃತ್ತಿಯ ಸೋರ್ಸ್ ಕೋಡ್ ಇಳಿಸಿಕೊಂಡ್ಲು. ಒಳಗೆ ಬಿಡಬೇಕಾದವರ ಹೆಸರುಗಳನ್ನೆಲ್ಲ ಒಂದು ಕಡೆ ನಕಲು ತೆಗೆದಿಟ್ಟು ಗುಬ್ಬಿಯ ಸರ್ವರನ್ನ ನಿಲ್ಲಿಸಿ ಅಳಿಸಿ ಹಾಕಿದ್ಲು. ಹೊಸದನ್ನ ಕಂಪೈಲ್ ಮಾಡಿದ್ಲು. ಪರದೆ ತುಂಬ ಸಾಲು ಸಾಲು ಓಡಿದ್ವು, ಒಂದೂ ಕೆಂಪು ಅಕ್ಷರ ಇಲ್ಲ. ಕೂರಿಸಿ ಚಾಲೂ ಮಾಡಿದ್ರೆ... ಎದ್ದೇ ಬಿಡ್ತು! ತನ್ನ ಹೆಸರಲ್ಲಿ ತಾನೇ ಹೋಗಿ ನೋಡಿದ್ಲು. ಒಳಗೆ ಬಿಡ್ತು. ಆ ಖುಷಿಯಲ್ಲೇ ಗುನುಗ್ತಾ ಹೊರಟಿದ್ದು.

ಈಗ ಬಾವಿ ಹತ್ರ ನಿಂತಿದ್ದಾಳೆ. ಒಳಗಿಂದ ಟಕ ಟಕ ಟಕ.

ಅಷ್ಟರಲ್ಲಿ ಫೋನ್ ಬಡ್ಕೊಳ್ತು. ಅಕ್ಕ ಕಿರುಚೋದೊಂದು ಬಾಕಿ. ಮಕ್ಕಳ ವಾರ್ಡಿನ ನರ್ಸು.

“ನೀವೇನಾದ್ರೂ ಮಾಡಿದ್ರಾ? ಯಾವ ಕಂಪ್ಯೂಟರೂ ಒಳಗೆ ಬಿಡ್ತಿಲ್ಲ.”

“ಈಗಷ್ಟೇ ಸರಿ ಇತ್ತಲ್ಲ...”

“ಈಗ ಇಲ್ಲ. ಒಂದು ಪಾಪು ಬಂದಿದೆ, ಫಿಟ್ಸ್. ಯಾವ ಔಷಧಿ ಅದಕ್ಕೆ ಆಗಿಬರಲ್ಲ ಅಂತ ಫೈಲಲ್ಲಿದೆ. ತೆಗೆಯೋಕಾಗ್ತಿಲ್ಲ. ಅದರ ತಾಯಿಗೆ ಮಾತೇ ಹೊರಡ್ತಿಲ್ಲ. ಬೇಗ ಬನ್ನಿ.”

ಅಕ್ಕ ಓಡಿದ್ಲು. ಬಾವಿ ಕಡೆ ನೋಡ್ಲಿಲ್ಲ.

ನೆಲಮಾಳಿಗೆಯ ಬಾಗಿಲು ಪೀಂಕ್ ಅಂತ ತೆರೀತು. ಒಳಗೆ ಯಂತ್ರಗಳ ಫ್ಯಾನು ಗುಂಯ್ ಅಂತಿದ್ವು. ಸರ್ವರ್ ಸತ್ತು ಬಿದ್ದಿತ್ತು. ಎಬ್ಬಿಸಿದ್ಲು. ಎರಡು ಉಸಿರು ಎಳೆದು ಮತ್ತೆ ಬಿತ್ತು. ಮತ್ತೆ ಎಬ್ಬಿಸಿದ್ಲು, ಮತ್ತೆ ಬಿತ್ತು. ಮೊದಲಿಂದ ಕಂಪೈಲ್ ಮಾಡಿದ್ಲು. ಅಷ್ಟೂ ಹೊತ್ತು ಫೋನ್ ಬಡ್ಕೊಳ್ತಾನೇ ಇತ್ತು. ಕಂಪೈಲ್ ಮುಗೀತು, ಕೂರಿಸಿದ್ಲು, ಎಬ್ಬಿಸಿದ್ಲು... ಬಿತ್ತು. ಹಳೇದನ್ನ ವಾಪಸ್ ತರೋಣ ಅಂದ್ರೆ ತಾನೇ ಕೈಯಾರೆ ಅಳಿಸಿದ್ದಾಳೆ. ಮೇಲೆ ಒಂದು ಕೂಸು ಸೆಟೆದುಕೊಂಡು ಮಲಗಿದೆ.

ಅಕ್ಕ ತಲೆ ಹಿಡ್ಕೊಂಡು ಕೂತ್ಲು.

ಆಗ ಪಕ್ಕದ ಮೇಜಿಂದ... ಟಕ ಟಕ ಟಕ.

ಆ ಮೇಜು ಖಾಲಿ. ಗುಬ್ಬಿ ಕೂರ್ತಿದ್ದ ಜಾಗ. ಅಕ್ಕ ಕತ್ತು ತಿರುಗಿಸ್ಲಿಲ್ಲ. ತಿರುಗಿಸೋಕೆ ಆಗ್ಲಿಲ್ಲ ಅಂತಾಳೆ. ಕಣ್ಣಿನ ಅಂಚಲ್ಲಿ ಕುರ್ಚಿ ಬೆನ್ನು ಮಾತ್ರ ಕಾಣ್ತಿತ್ತು. ಅದು ಅಲ್ಪ ಸ್ವಲ್ಪ ತಿರುಗ್ತಿತ್ತು. ಕಿರ್... ಕಿರ್...

ಹೆದರಿಕೆಗಿಂತ ಮೊದಲು ಅವಳಿಗೆ ಬಂದದ್ದು ಏನು ಗೊತ್ತಾ? ಸಿಟ್ಟು. ಸತ್ತ ಮೇಲೂ ಬಿಡಲ್ವಲ್ಲ ಇವಳು! ನಾನು ಬಿದ್ದದ್ದು ನೋಡೋಕೆ ಬಂದ್ಲಲ್ಲ!

“ಹೋಗು,” ಅಂದ್ಲು, ಹಲ್ಲು ಕಚ್ಚಿ. “ಇದು ನನ್ನ ಕೆಲಸ.”

ಸದ್ದು ನಿಂತಿತು. ಕುರ್ಚಿನೂ ನಿಂತಿತು.

ಅಕ್ಕ ಮತ್ತೊಂದ್ಸಲ ಎಬ್ಬಿಸಿದ್ಲು. ಬಿತ್ತು. ಫೋನ್ ಬಡ್ಕೊಳ್ತು. ನರ್ಸಿನ ದನಿಯ ಹಿಂದೆ ಒಬ್ಬ ಹೆಂಗಸು ಅಳ್ತಿದ್ದದ್ದು ಕೇಳಿಸ್ತು. ಬಾಯಿಬಿಟ್ಟು ಅಳೋದಲ್ಲ, ಬಟ್ಟೆ ಕಚ್ಚಿಕೊಂಡು ಅಳೋದು. ಅಕ್ಕನಿಗೂ ಮನೇಲಿ ಒಬ್ಬಳು ಮಗಳಿದ್ದಾಳೆ, ಪುಟ್ಟಿ.

ಫೋನ್ ಕೆಳಗಿಟ್ಲು. ಆ ಮಾತು ಗಂಟಲಿಂದ ಕೀಳೋಕೆ ಹಲ್ಲು ಕಿತ್ತಷ್ಟು ನೋವಾಯ್ತಂತೆ. ಪರದೆ ನೋಡ್ತಾನೇ, ಪಿಸುದನೀಲಿ ಅಂದ್ಲು...

“ನಂಗೆ ಬರ್ತಿಲ್ಲ. ಹೇಳಿಕೊಡು.”

ಕಿವಿ ಪಕ್ಕದಲ್ಲೇ, ತಣ್ಣಗೆ...

“ನಂದಿನ್ನೂ ಇದೆ.”

“ಏನು?”

“ಹಳೇ ಲೈಬ್ರರಿ. ಅದನ್ನ ಅಳಿಸೋಕೆ ಮರೆತೆ ನೀನು. ನಿನ್ನ ಸರ್ವರ್ ಹೊಸ ಅಳತೆಗೆ ಹೊಲಿದಿದ್ದು... ಏಳುವಾಗ ನನ್ನ ಹಳೇದನ್ನ ಹಿಡ್ಕೊಳ್ತಿದೆ. ಹೊಸದಿರೋ ದಾರಿ ತೋರ್ಸು.”

ಅಕ್ಕನಿಗೆ ಥಟ್ಟನೆ ಹೊಳೀತು. ಲೈಬ್ರರಿ ಅಂದ್ರೆ ಸರ್ವರ್ ಊರಿ ನಿಲ್ಲೋ ಕಾಲಿದ್ದ ಹಾಗೆ. ತಲೆ ಹೊಸದು, ಕಾಲು ಹಳೇದು, ಎದ್ದು ಇಡೀ ಆಸ್ಪತ್ರೆ ಭಾರ ಹೊತ್ರೆ ಮುಗ್ಗರಿಸದೆ ಏನಾಗತ್ತೆ? ದಾರಿ ತಿದ್ದೋಕೆ ಶುರು ಮಾಡಿದ್ಲು. ಅವಳ ಬೆರಳು ತಡವರಿಸಿದ ಕಡೆ ಪಕ್ಕದ ಮೇಜಿಂದ ಟಕ ಟಕ ಅನ್ನೋದು, ಹೀಗೆ, ಹೀಗೆ ಅಂದ ಹಾಗೆ.

ಮಧ್ಯೆ ಆ ದನಿ ಕೇಳ್ತು, “ನನ್ನ ಕಂಡ್ರೆ ಯಾಕಷ್ಟು ಉರಿ ನಿಂಗೆ?”

ಅಕ್ಕ ಸುಳ್ಳು ಹೇಳ್ಲಿಲ್ಲ. “ಎಲ್ಲರೂ ನಿನ್ನನ್ನೇ ಕೇಳ್ತಿದ್ರು.”

ಕುರ್ಚಿ ಕಿರ್ ಅಂತು.

“ನಂಗೂ ಉರೀತಿತ್ತು.”

“ನಿಂಗಾ? ನಿಂಗ್ಯಾಕೆ?”

“ನೀನು ದಿನಾ ಮನೆಗೆ ಹೋಗ್ತಿದ್ದೆ. ಬಾಗಿಲು ತೆಗೆಯೋಕೆ ಒಂದು ಮಗು... ನಾ ಹೊತ್ತು ಕಳೆಯೋಕೆ ಇಲ್ಲೇ ಕೂತಿರ್ತಿದ್ದೆ. ಕೆಲಸ ಅಂತ ಅಂದ್ಕೊಂಡ್ರಿ ನೀವೆಲ್ಲ.”

ಅಕ್ಕ ಕೊನೇ ಸಾಲು ಬರೆದು ಮುಗಿಸಿದ್ಲು. ಎಂಟರ್ ಮೇಲೆ ಬೆರಳಿಟ್ಟು, ಯಾಕೋ ತಾನೂ ಒಂದು ಉಸಿರು ತಡೆದ್ಲು. ಒತ್ತಿದ್ಲು.

ಎದ್ದಿತು. ನಿಂತಿತು. ಬೀಳ್ಲಿಲ್ಲ.

ಫೋನ್. ನರ್ಸು ಹೆಚ್ಚುಕಮ್ಮಿ ಕೂಗ್ತಿದ್ಲು, “ಬಂತು ಬಂತು, ಫೈಲ್ ತೆರೀತು!” ಅಕ್ಕನ ಕಣ್ಣಲ್ಲಿ ನೀರು ತುಂಬಿಕೊಳ್ತು. ಅದೇ ಗಳಿಗೇಲಿ ಕಿವಿ ಪಕ್ಕ, ಹೊರಡೋರು ಹೇಳ್ತಾರಲ್ಲ, ಹಾಗೇ...

“ಬರ್ತೀನಿ.”

ಅಕ್ಕ ಕಣ್ಣೊರೆಸಿಕೊಳ್ತಾ, ಎಲ್ಲರೂ ಅನ್ನೋ ಹಾಗೇ ಅಂದುಬಿಟ್ಲು, “ಹೂಂ, ಬಾ.”

ಪೀಂಕ್. ಬಾಗಿಲು ತೆರೀತು. ಮುಚ್ಚಿಕೊಳ್ತು.

...ಅಕ್ಕ ಹೇಳಿದ್ದು ಇಲ್ಲಿಗೆ ಮುಗೀತು. ಇನ್ನು ನಾನು ಕಂಡದ್ದು.

ಆ ವಾರ ಭಾವ ಊರಲ್ಲಿ ಇರ್ಲಿಲ್ಲ. ಪುಟ್ಟಿ ಜೊತೆಗೆ ಅಂತ ನಾನು ಬಂದಿದ್ದೆ. ಅವಳು ಕೋಣೇಲಿ ಮಲಗಿದ್ಲು, ನಾನು ಹಾಲಿನ ಸೋಫಾ ಮೇಲೆ. ನಿದ್ದೆ ಆಳಕ್ಕೆ ಇಳಿದಿರ್ಲಿಲ್ಲ. ಬಾಗಿಲ ಚಿಲಕ ಸದ್ದಾಯ್ತು. ಟಿಕ್. ಯಾರೋ ಒಳಗೆ ಬಂದ್ರು. ದೀಪ ಹಾಕ್ಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೇ “ಬಂದ್ಯಾ ಅಕ್ಕ?” ಅಂದೆ.

“ಹೂಂ.”

ಅಷ್ಟೇ. ಪುಟ್ಟಿಯ ಕೋಣೆ ಕಡೆ ಹೆಜ್ಜೆ ಹೋಯ್ತು. ಹಗುರ ಹೆಜ್ಜೆ. ಪುಟ್ಟಿ ನಿದ್ದೆಗಣ್ಣಲ್ಲಿ ಏನೋ ಅಂದ್ಲು, ನಕ್ಕಳು. ಆಮೇಲೆ ತುಂಬಾ ಹೊತ್ತು ಬಾಚಣಿಗೆ ಸದ್ದು. ಸರ್... ಸರ್... ಇಷ್ಟು ಹೊತ್ತಲ್ಲಿ ತಲೆ ಬಾಚ್ತಾಳಲ್ಲ ಮಹಾತಾಯಿ ಅಂದ್ಕೊಳ್ತಾನೇ ನಾನು ನಿದ್ದೆಹೋದೆ.

ಬೆಳಗಿನ ಜಾವ ಕಾಲಿಂಗ್ ಬೆಲ್. ತೆಗೆದ್ರೆ ಅಕ್ಕ. ಮುಖ ಬಿಳಿಚಿಕೊಂಡಿತ್ತು.

“ಮತ್ತೆ ಯಾವಾಗ ಹೊರಗೆ ಹೋದೆ ನೀನು?” ಅಂದೆ.

“ಮತ್ತೆ ಅಂದ್ರೆ? ನಾ ಈಗಲೇ ಬರ್ತಿರೋದು.”

“ರಾತ್ರಿ ಬಂದ್ಯಲ್ಲ... ಪುಟ್ಟಿ ತಲೆ ಬಾಚಿದ್ಯಲ್ಲ...”

ಅಕ್ಕ ಚೀಲ ಅಲ್ಲೇ ಬಿಸಾಕಿ ಕೋಣೆಗೆ ಓಡಿದ್ಲು. ನಾನೂ ಓಡಿದೆ.

ಪುಟ್ಟಿ ಆರಾಮಾಗಿ ಮಲಗಿದ್ಲು. ಉಸಿರು ಸರಿಯಾಗಿತ್ತು, ಹಣೆ ಬೆಚ್ಚಗಿತ್ತು. ಅಕ್ಕ ಅವಳನ್ನ ಬಾಚಿ ತಬ್ಬಿಕೊಂಡ್ಲು. ಪುಟ್ಟಿ ಕಣ್ಣು ಬಿಟ್ಟು, ಮೊದಲು ಬೆನ್ನ ಮೇಲೆ ಕೈಯಾಡಿಸಿ ನೋಡ್ಕೊಂಡು, “ಅಮ್ಮ, ಹಾಗೇ ಇದೆ!” ಅಂತ ನಕ್ಕಳು.

ಆಗ ನೋಡಿದ್ವಿ ಜಡೇನ.

ಪಾಪು ಉಳೀತು, ಅದನ್ನೂ ಹೇಳ್ಬಿಡ್ತೀನಿ. ಸರ್ವರ್ ಇವತ್ತಿಗೂ ಓಡ್ತಿದೆ. ದೊಡ್ಡ ಡಾಕ್ಟರು ಕೆಳಗೆ ಇಳಿದು ಬಂದು ಎಲ್ಲರ ಮುಂದೆ ಅಕ್ಕನನ್ನ ಹೊಗಳಿದ್ರಂತೆ. ಅದನ್ನ ಹೇಳುವಾಗ ಅಕ್ಕನ ಮುಖದಲ್ಲಿ ಏನೂ ಇರ್ಲಿಲ್ಲ. ಯಾಕಂದ್ರೆ ಪುಟ್ಟಿ ಈಗಲೂ ಸ್ಕೂಲಿಗೆ ಹೊರಡುವಾಗ ಬೆನ್ನು ತಿರುಗಿಸಿ ಕೂತು, “ಹೀಗಲ್ಲಮ್ಮ... ಅವತ್ತು ರಾತ್ರಿ ಹಾಕಿದ್ಯಲ್ಲ, ಹಾಗೆ ಹಾಕು” ಅಂತಾಳೆ. ಅಕ್ಕ ಬಾಚಣಿಗೆ ಹಿಡ್ಕೊಂಡು ತುಟಿ ಕಚ್ಚೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಆ ಉರಿ ನಂಗೆ ಗೊತ್ತು.

ನಗ್ಬೇಡಿ. ನಿದ್ದೆಗಣ್ಣಲ್ಲಿ ಏನೋ ಕಂಡಿದ್ದೀಯ ಅನ್ಬೇಡಿ. ನಮ್ಮ ಮನೆ ಹೆಂಗಸರಿಗೆ ಮೂರೆಳೆ ಜಡೆ ಬಿಟ್ಟು ಬೇರೆ ಬರಲ್ಲ. ಅವತ್ತು ಅಕ್ಕ ಮುಟ್ಟೋಕೆ ಒಲ್ಲೆ ಅಂದ್ಲು ಅಂತ ಆ ಜಡೆ ಬಿಚ್ಚಿದವಳು ನಾನು, ಇದೇ ಬೆರಳಲ್ಲಿ.

ಐದೆಳೆ ಇತ್ತು.